ಗಾಡಿಗಳ ಕಟ್ಟಿದ ಮೂಗು ಬಿಡಿಸುವ ಗಲೆಫೆಲೆ

ಮರಳುಗಾಡಿನ ನಡುವಿನ ಹುಕುಂಟ್ಸಿ ಊರಿನ ಮೂಡಣ ಅಂಚಿನಲ್ಲಿ ಒಂದು ಹಳೆಯ ಮುಳ್ಳುಜಾಲಿ ಮರ. ಮರದ ಕೆಳಗೆ ಬಿಳಿ ಪಿಕಪ್ ಗಾಡಿಯೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಮರಳು ತಣ್ಣಗಿದೆ, ಗಾಡಿಯ ತಗಡೂ ತಣ್ಣಗಿದೆ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ ಕುಳಿತ ಗಲೆಫೆಲೆ, ಕೆಲಸಕ್ಕೆ ಕೈ ಹಾಕುವ ಮುನ್ನ ಬಲ ಅಂಗೈಯನ್ನು ಗಾಡಿಯ ಮೂತಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ತುಟಿ ಮಾತ್ರ ಅಲ್ಲಾಡುತ್ತದೆ. ಪ್ರತಿ ಗಾಡಿಗೂ ಅವರದು ಒಂದೇ ಪ್ರಾರ್ಥನೆ: ಹೋಗುವ ದಾರಿಯೂ ನಿನ್ನದು, ಬರುವ ದಾರಿಯೂ ನಿನ್ನದು.

ಕಣ್ಣು ತೆರೆದು ಹೊದ್ದ ವಸ್ತ್ರದ ಗಂಟಿನಿಂದ ಒಂದು ಚಮಚ ತೆಗೆಯುತ್ತಾರೆ. ಅದರ ಹಿಡಿಯನ್ನು ಕಲ್ಲಿನಿಂದ ಬಡಿದು ಚಪ್ಪಟೆ ಮಾಡಲಾಗಿದೆ. ಗಾಡಿಯ ಮುಂಭಾಗದಲ್ಲಿ ಫಳಫಳ ಹೊಳೆಯುವ ಗ್ರಿಲ್ಲಿನ ಅಂಚಿಗೆ ಅದನ್ನು ತೂರಿಸಿ ಮೊದಲ ಕ್ಲಿಪ್ಪನ್ನು ಮೀಟಬೇಕು, ಅಷ್ಟರಲ್ಲಿ ಹಿಂದಿನಿಂದ ಗುಡುಗು.

"ಗಲೆಫೆಲೆ! ಕೈ ತೆಗಿ ಅಲ್ಲಿಂದ!"

ಮನೆಯ ಬಾಗಿಲಲ್ಲಿ ಅವರ ಅಣ್ಣ ಮೊದಿಸಾ. ಬೆಳಗಿನ ಜಾವಕ್ಕೇ ಕಪ್ಪು ಕೋಟು ಏರಿಸಿ, ಗುಂಡಿಯೆಲ್ಲ ಹಾಕಿ, ಕೈಯಲ್ಲಿ ಟೀ ಬಟ್ಟಲು ಹಿಡಿದು ನಿಂತಿದ್ದಾರೆ.

"ನಿಧಾನ ಅಣ್ಣಾ, ಟೀ ಚೆಲ್ಲಿ ಕೋಟು ಹಾಳಾದೀತು."

"ಕೋಟಿನ ಮಾತು ನೀನೇ ಎತ್ತಿದೆ, ಒಳ್ಳೇದಾಯ್ತು. ಹೆಣ್ಣು ಕೇಳೋಕೆ ಹೋಗೋ ಗಂಡಸು ಕೋಟಿಲ್ಲದೆ ಹೋದ್ರೆ ಬೇಲಿ ಒಳಗೆ ಬಿಡ್ತಾರಾ? ಬಿಡಲ್ಲ. ಗಾಡಿಗೆ ಈ ಗ್ರಿಲ್ಲೇ ಕೋಟು. ಅದನ್ನ ಕಿತ್ತು, ಹಲ್ಲುದುರಿದ ಮುದುಕಿ ಥರ ಮಾಡಿ ಕಳಿಸ್ತೀಯಾ ನನ್ನ? ಬೀಗರಾಗೋರ ಊರಿಗೆ?"

ಹೊರಟಿರುವುದು ಗಲೆಫೆಲೆಯ ಮಗನಿಗೇ ಹೆಣ್ಣು ಕೇಳಲು. ಮಗ ಲೆಫಿಕಾ ದನಗಳ ರೋಗ ದಾಟದಂತೆ ಸರ್ಕಾರ ಹಾಕಿರುವ ಉದ್ದ ಬೇಲಿಯನ್ನು ಕಾಯುವ ಕೆಲಸದಲ್ಲಿದ್ದಾನೆ. ಅವನ ಮನಸ್ಸು ಮರಳುಗಾಡಿನ ಆಚೆಯ ಉಕ್ವಿ ಊರಿನ ಗೊರಾತಾ ಎಂಬ ಹುಡುಗಿಯ ಮೇಲೆ ನಿಂತಿದೆ. ಅವಳದೂ ಹಾಗೆಯೇ. ಆದರೆ ಮನಸ್ಸಿಗೆ ಮನಸ್ಸು ಸೇರಿದರೆ ಸಾಲದು, ಮಾತಿಗೆ ಮಾತು ಸೇರಬೇಕು. ಕೇಳಬೇಕಾದವರು ಸೋದರಮಾವಂದಿರು ಮತ್ತು ಅವರ ಹೆಂಡಿರು. ಹೆತ್ತ ತಾಯಿ ಆ ಗುಂಪಿನಲ್ಲಿ ಹೋಗುವಂತಿಲ್ಲ. ಹೋದವರು ಸೂರ್ಯ ಹುಟ್ಟುವ ಮೊದಲೇ ಹೆಣ್ಣಿನ ಮನೆಯ ಬೇಲಿಯ ಹೊರಗೆ ಮರಳಿನ ಮೇಲೆ ಕುಳಿತಿರಬೇಕು. ಬಿಸಿಲು ಬಿದ್ದ ಮೇಲೆ ಬಂದವರನ್ನು ಕೂರಿಸಿಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ ಇದೇ ಊರಿನ ಇನ್ನೊಂದು ಮನೆಯವರ ಗಾಡಿ ದಾರಿಯಲ್ಲಿ ಕುದ್ದು ನಿಂತಿತು. ಅವರು ತಲುಪುವಾಗ ನೆರಳು ಗಿಡ್ಡವಾಗಿತ್ತು. ಹೆಣ್ಣಿನ ಕಡೆಯವರು ಕುಡಿಯಲು ನೀರು ಕೊಟ್ಟರು, ಕೂರಲು ಹೇಳಲಿಲ್ಲ. "ಮುಂದಿನ ವರ್ಷ ಬನ್ನಿ" ಎಂದರು. ಮುಂದಿನ ವರ್ಷದ ಹೊತ್ತಿಗೆ ಆ ಹುಡುಗಿ ಬೇರೊಬ್ಬರ ಮನೆ ಸೇರಿದ್ದಳು.

ಅದು ಗಲೆಫೆಲೆಗೆ ನೆನಪಿದೆ. ಮೊದಿಸಾಗೂ ಗೊತ್ತಿದೆ. ಆದರೆ ಮೊದಿಸಾ ಇರುವುದು ಡಾಂಬರು ರಸ್ತೆಯ ಪಕ್ಕದ ಕಾಂಗ್ ಊರಿನಲ್ಲಿ. ಅವರ ಗಾಡಿಗೆ ಒಣಹುಲ್ಲಿನ ವಾಸನೆಯೇ ಗೊತ್ತಿಲ್ಲ. ನಿನ್ನೆ ಸಂಜೆ ಇಲ್ಲಿಗೆ ಬಂದಿಳಿದವರು ಹಾಸಿಗೆಗೆ ಹೋಗುವ ಮುಂಚೆ ಆ ಗ್ರಿಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದ್ದರು.

ಮಳೆ ಬಂದು ಹೋದ ಮೇಲೆ ಈ ಸೀಮೆಯ ಹಾದಿಗಳು ಹೇಗಾಗುತ್ತವೆ ಎಂದು ಓಡಾಡಿದವರಿಗೆ ಗೊತ್ತು. ಎರಡು ಚಕ್ರದ ಜಾಡು, ನಡುವೆ ಉದ್ದಕ್ಕೂ ಹುಲ್ಲಿನ ದಿಣ್ಣೆ. ಮಾರ್ಚ್ ಬಂದರೆ ಆ ಹುಲ್ಲು ಸೊಂಟದೆತ್ತರ ಬೆಳೆದು ಬೀಜ ಕಟ್ಟುತ್ತದೆ. ಬೀಜ ಎಂದರೆ ಕಾಳಲ್ಲ, ಬಾಲವಿರುವ ಬೆಳ್ಳನೆಯ ನವಿರು. ಗಾಡಿ ನುಗ್ಗಿದಂತೆ ಅದು ಗ್ರಿಲ್ಲಿನ ಸಂದಿಯಲ್ಲಿ ಒಳಗೆ ಹಾರಿ ರೇಡಿಯೇಟರಿನ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಕೂತು ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ. ಗಾಳಿ ನಿಲ್ಲುತ್ತದೆ. ಒಳಗಿನ ನೀರು ಕುದಿಯುತ್ತದೆ. ಮರಳಿನ ನಡುವೆ ಗಾಡಿ ನಿಂತರೆ ಮುಂದಿನ ಗಾಡಿ ಬರುವುದು ಇವತ್ತೋ ನಾಳೆಯೋ ಹೇಳಲಾಗದು.

ಗಲೆಫೆಲೆಯ ಕೆಲಸ ನೋಡಲು ಬಹಳ ಸರಳ. ಗ್ರಿಲ್ ಕಳಚುತ್ತಾರೆ. ಒಳಗೆ ಸಿಕ್ಕಿರುವ ಬೀಜವನ್ನು ಮುಳ್ಳುಹಂದಿಯ ಮೊಂಡು ಮುಳ್ಳಿನಿಂದ ಒಂದೊಂದಾಗಿ ಎಬ್ಬಿಸಿ ಕೋಳಿಗರಿಯಿಂದ ಗುಡಿಸುತ್ತಾರೆ. ಇಲ್ಲಿಯ ಕೊಳವೆಬಾವಿ ನೀರು ಉಪ್ಪು, ಅದನ್ನು ಸೋಕಿಸುವುದಿಲ್ಲ. ಆಮೇಲೆ ತರಕಾರಿ ಸಸಿಗಳಿಗೆ ನೆರಳು ಮಾಡುವ ಬಲೆಯನ್ನು ಅಳತೆಗೆ ಕತ್ತರಿಸಿ, ಅಂಚು ಹೊಲಿದು, ರೇಡಿಯೇಟರಿನ ಚೌಕಟ್ಟಿಗೆ ಬಿಗಿಯಾಗಿ ಕಟ್ಟುತ್ತಾರೆ. ಬೀಜ ಬಲೆಯ ಮೇಲೇ ನಿಲ್ಲುತ್ತದೆ, ದಾರಿಯಲ್ಲಿ ಇಳಿದು ಅಂಗೈಯಲ್ಲಿ ಒರೆಸಿದರೆ ಉದುರುತ್ತದೆ. ಗ್ರಿಲ್ ಹಾಗೇ ಇದ್ದರೆ ಈ ಒರೆಸುವ ಅಂಗೈ ಒಳಗೆ ಹೋಗುವುದಿಲ್ಲ, ವಿಷಯ ಅಷ್ಟೇ. ಹುಲ್ಲು ಒಣಗಿ ನೆಲಕ್ಕೆ ಬೀಳುವವರೆಗೂ ಡ್ರೈವರುಗಳು ತಮ್ಮ ಗ್ರಿಲ್ಲುಗಳನ್ನು ಇವರಲ್ಲೇ ಬಿಟ್ಟು ಹೋಗುತ್ತಾರೆ. ಹಿತ್ತಲ ಬೇಲಿಯ ತಂತಿಗೆ ಅವು ಸಾಲಾಗಿ ನೇತಾಡುತ್ತವೆ. ಸುಗ್ಗಿಯಲ್ಲಿ ಬಿಸಿಲು ಏರುವುದರೊಳಗೆ ನಾಲ್ಕೈದು ಗಾಡಿ ಮುಗಿಸುತ್ತಾರೆ. ಬಿಸಿಯಾಗಿ ಬಂದ ಗಾಡಿಯನ್ನು ಮಾತ್ರ ಯಾರು ಎಷ್ಟು ಬೇಡಿದರೂ ಮುಟ್ಟುವುದಿಲ್ಲ. "ಜ್ವರ ಇಳೀಲಿ, ಆಮೇಲೆ ನೋಡೋಣ" ಎನ್ನುತ್ತಾರೆ.

ಈ ವಿದ್ಯೆಯನ್ನು ಅವರು ಯಾವ ಗ್ಯಾರೇಜಿನಲ್ಲೂ ಕಲಿತದ್ದಲ್ಲ. ಲೆಫಿಕಾ ಎದೆಹಾಲು ಕುಡಿಯುತ್ತಿದ್ದ ಕಾಲ. ದನದ ಹಟ್ಟಿಯಲ್ಲಿ ಮಗುವಿಗೆ ಮೈ ಸುಡುವ ಜ್ವರ ಬಂತು. ಗಂಡ ಹಳೆಯ ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಗಾಡಿ ಕುದಿಯಿತು. ಗಂಡ ಕ್ಯಾನಿನಿಂದ ನೀರು ಹಾಕಿದರು. ಮತ್ತೆ ಕುದಿಯಿತು, ಮತ್ತೆ ಹಾಕಿದರು. ಕೊನೆಗೆ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡಲೂ ನೀರು ಉಳಿಯಲಿಲ್ಲ.

"ಅವರು ಗಾಡಿ ಹೊಟ್ಟೆ ಉರೀತಿದೆ ಅಂತ ನೀರು ಕುಡಿಸ್ತಾನೇ ಇದ್ರು. ಮೂಗು ಕಟ್ಟಿದೆ ಅಂತ ಯಾರೂ ನೋಡ್ಲಿಲ್ಲ," ಎಂದು ಗಲೆಫೆಲೆ ನೆನೆಸಿಕೊಳ್ಳುತ್ತಾರೆ. "ಮಗೂನೂ ಬಾಯಲ್ಲೇ ಉಸಿರಾಡ್ತಿತ್ತು. ಅದರ ಮೂಗು ನೋಡಿದೆ, ಗಾಡಿ ಮೂಗು ನೋಡಿದೆ. ದೇವರು ತೋರಿಸ್ದ ಅಂತೀನಿ, ನಾನಾಗಿ ಏನು ಕಂಡೇನು? ಚಕ್ರ ಬಿಚ್ಚೋ ಕಬ್ಬಿಣದಿಂದ ಗ್ರಿಲ್ ಮುರಿದು ತೆಗೆದೆ. ತಲೆಪಿನ್ನಿಂದ ಹುಲ್ಲು ಕಿತ್ತೆ. ಉಗುರೆಲ್ಲ ಹೋಯ್ತು. ಗಾಡಿ ಉಸಿರಾಡ್ತು."

ಮಗು ಉಳಿಯಿತು. ಗಂಡ ಕೆಲವು ವರ್ಷಗಳ ಮೇಲೆ ಎದೆಯ ಕಾಯಿಲೆಯಲ್ಲಿ ತೀರಿಕೊಂಡರು. ಬದುಕಲು ಏನಾದರೂ ಮಾಡಬೇಕಿತ್ತು, ಕೈಗೆ ಗೊತ್ತಿದ್ದುದು ಇದೊಂದು. ಮೊದಮೊದಲು ಗಂಡಸರು ನಕ್ಕರು. ಹೆಂಗಸು ಗಾಡಿಯ ಮುಂದೆ ಮಂಡಿಯೂರಿದರೆ ಗಾಡಿಯನ್ನು ಮದುವೆಯಾಗುತ್ತಾಳೇನೋ ಎಂದು ಅಂಗಡಿ ಜಗಲಿಯಲ್ಲಿ ಕೂತವರು ಕೂಗಿ ಹೇಳುತ್ತಿದ್ದರು. "ನಗಲಿ ಅಂತ ಬಿಟ್ಟೆ. ನಕ್ಕವರ ಗಾಡೀನೂ ಕುದಿಯುತ್ತಲ್ಲ?" ಎನ್ನುತ್ತಾರೆ. ಬೀಜದ ನವಿರು ಕಣ್ಣಿಗೆ ಬಿದ್ದು ಒಂದು ವರ್ಷ ಎಡಗಣ್ಣು ಊದಿಕೊಂಡೇ ಇತ್ತು. ಬೆರಳ ತುದಿಗಳು ರೇಡಿಯೇಟರಿನ ಅಂಚಿಗೆ ಕೊಯ್ದು ಕೊಯ್ದು ಗಟ್ಟಿಯಾಗಿವೆ, ಸೂಜಿ ಚುಚ್ಚಿದರೂ ತಿಳಿಯುವುದಿಲ್ಲವಂತೆ. ಹುಲ್ಲಿಲ್ಲದ ತಿಂಗಳುಗಳಲ್ಲಿ ಶಾಲೆಯ ಎದುರು ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಮಾರುತ್ತಾರೆ, ಬಟ್ಟೆ ಹೊಲಿಯುತ್ತಾರೆ. ಗಲೆಫೆಲೆ ಎಂದರೆ ಅವರ ಭಾಷೆಯಲ್ಲಿ "ಮುಗಿಯುವುದಿಲ್ಲ" ಎಂದು. "ಹುಲ್ಲಿನ ಬೀಜ ನೋಡಿಯೇ ಅಪ್ಪ ಈ ಹೆಸರಿಟ್ಟಿರ್ಬೇಕು," ಎಂದು ನಗುತ್ತಾರೆ.

ಆ ನಗು ಈ ಬೆಳಗ್ಗೆ ಮುಖದಲ್ಲಿಲ್ಲ. ಚಮಚವನ್ನು ಮಡಿಲಲ್ಲಿ ಇಟ್ಟುಕೊಂಡು ಅಣ್ಣನನ್ನೇ ನೋಡುತ್ತಿದ್ದಾರೆ.

"ಬಲೆ ಬೇಕಾದ್ರೆ ಗ್ರಿಲ್ಲಿನ ಹಿಂದೆ ಕಟ್ಟು," ಎನ್ನುತ್ತಾರೆ ಮೊದಿಸಾ. "ಯಾರಿಗೂ ಕಾಣಲ್ಲ."

"ಹಿಂದೆ ಕಟ್ಟಿದ್ರೆ ಬಲೆಗೂ ಗ್ರಿಲ್ಲಿಗೂ ನಡುವೆ ಹುಲ್ಲು ತುಂಬ್ಕೊಳ್ಳುತ್ತೆ ಅಣ್ಣಾ. ಆಗ ತೆಗೆಯೋರ್ಯಾರು? ಸುಡೋ ಗಾಡೀನ ನೀನು ಮುಟ್ತೀಯಾ?"

"ನನ್ನ ಗಾಡಿ ಹೊಸದು. ಹೊಸ ಗಾಡಿ ಕುದಿಯಲ್ಲ."

"ಹೊಸ ಮಗೂಗೆ ನೆಗಡಿ ಆಗಲ್ವಾ?"

ಒಳಗಿನಿಂದ ಜೋರು ನಗು ಕೇಳುತ್ತದೆ. ಮೊದಿಸಾರ ಹೆಂಡತಿ ಕೆದಿಬೋನ್ಯೆ, ಚೌಕುಳಿ ಶಾಲು ಹೊದ್ದು, ತಲೆಗೆ ವಸ್ತ್ರ ಕಟ್ಟಿ, ಬಾಗಿಲಿನ ಅಗಲವನ್ನೆಲ್ಲ ತುಂಬಿಕೊಂಡು ಹೊರಗೆ ಬರುತ್ತಾರೆ. ಹೆಣ್ಣು ಕೇಳುವ ಗುಂಪಿನ ಹಿರಿಯ ಹೆಂಗಸು ಅವರೇ.

"ಉತ್ತರ ಕೊಡ್ರಿ ಸೋದರಮಾವನೋರೇ," ಎಂದು ಗಂಡನನ್ನು ಚುಚ್ಚುತ್ತಾರೆ. "ನಾಳೆ ಉಕ್ವಿ ಹಿರಿಯರ ಮುಂದೆ ಮಾತಾಡ್ಬೇಕಾದೋರು, ತಂಗಿ ಮುಂದೆ ಬಾಯಿ ಕಟ್ತಾ?"

ಮೊದಿಸಾ ಟೀ ಹೀರುತ್ತಾರೆ. ಹೊಗಳಿಕೆಗೆ ಬಗ್ಗುವ, ಬೈಗುಳಕ್ಕೆ ಬಗ್ಗದ ಮನುಷ್ಯ ಎಂದು ಮನೆಯವರಿಗೆಲ್ಲ ಗೊತ್ತು. ಗಲೆಫೆಲೆ ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಮೆಲ್ಲಗೆ ಹೇಳುತ್ತಾರೆ:

"ಅಣ್ಣಾ, ನನ್ನ ಮಗನಿಗೆ ಹೆಣ್ಣು ಕೇಳೋಕೆ ನನ್ನ ಬಾಯಿ ಬರೋ ಹಾಗಿಲ್ಲ. ಹಿರಿಯರು ಮಾಡಿಟ್ಟದ್ದು, ಸರಿಯಾಗೇ ಇದೆ, ನಾನೇನೂ ಅನ್ನಲ್ಲ. ನನ್ನ ಕೈಯಾದ್ರೂ ಬರ್ಲಿ. ಕೋಟು ದಾರೀಲಿ ಮಡಚಿಟ್ಕೊಂಡು ಊರ ಹತ್ರ ಹಾಕ್ಕೊಳ್ಳಲ್ವಾ ನೀನು? ಇದನ್ನೂ ಹಾಗೇ ಮಾಡು. ಕಂಬಳೀಲಿ ಸುತ್ತಿ ಹಿಂದೆ ಇಡ್ತೀನಿ. ಸಂಜೆ ಉಕ್ವಿ ಅಂಚಲ್ಲಿ ನೆಂಟರ ಮನೇಲಿ ಇಳೀತೀರಲ್ಲ, ಅಲ್ಲಿ ಬಲೆ ಬಿಚ್ಚಿ ಗ್ರಿಲ್ ಹಾಕ್ಕೊಳ್ಳಿ. ಬೆಳಗಿನ ಜಾವ ಗಾಡಿ ಕೋಟು ಹಾಕ್ಕೊಂಡೇ ಹೋಗುತ್ತೆ."

ಮರದ ಮೇಲೆ ಹಕ್ಕಿಗಳು ಎದ್ದು ಗಲಾಟೆ ಮಾಡುತ್ತಿವೆ. ಮೊದಿಸಾ ಬಟ್ಟಲಿನ ತಳ ನೋಡುತ್ತಾರೆ.

"ಹಾಕೋರ್ಯಾರು? ಹುಡುಗಿ ಊರಲ್ಲಿ ಸೋದರಮಾವ ಮಂಡಿಯೂರಿ ಕ್ಲಿಪ್ಪು ಹಾಕ್ತಾ ಕೂತ್ರೆ ನೋಡಿದೋರು ಏನಂತಾರೆ?"

"ನಾನು ಹಾಕ್ತೀನಿ," ಎನ್ನುತ್ತಾರೆ ಕೆದಿಬೋನ್ಯೆ.

"ನೀನಾ?"

"ಚಮಚ ಹಿಡಿಯೋದು ನಂಗೆ ಯಾರಾದ್ರೂ ಹೇಳ್ಕೊಡ್ಬೇಕಾ? ಈ ಮೈ ನೋಡಿ ಹೇಳ್ರಿ!"

ಈಗ ಮೊದಿಸಾರಿಗೂ ನಗು ತಡೆಯುವುದಿಲ್ಲ. ಟೀ ಕೋಟಿನ ಮೇಲೆ ಚೆಲ್ಲುತ್ತದೆ. ಒರೆಸಿಕೊಳ್ಳಲು ಒಳಗೆ ಹೋಗುತ್ತಾರೆ. ಹೋಗುತ್ತಾ, ತಿರುಗಿ ನೋಡದೆ, "ಗೀರು ಬಿದ್ರೆ ಮಾತ್ರ ಸುಮ್ನಿರಲ್ಲ" ಎನ್ನುತ್ತಾರೆ. ಅದೇ ಒಪ್ಪಿಗೆ.

ಮುಂದಿನದು ಗೋಣಿಚೀಲದ ಮೇಲಿನ ಪಾಠ. ಅತ್ತಿಗೆ ನಾದಿನಿ ಅಕ್ಕಪಕ್ಕ ಮಂಡಿಯೂರುತ್ತಾರೆ. ಗಲೆಫೆಲೆ ಚಮಚದ ಹಿಡಿಯಿಂದ ಕ್ಲಿಪ್ಪನ್ನು ಮೀಟಿ ತೋರಿಸುತ್ತಾರೆ. ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

"ಒತ್ತಬೇಡ ಅತ್ತಿಗೆ, ಒತ್ತಿದ್ರೆ ಮುರಿಯುತ್ತೆ. ತೂತಿನ ಎದುರಿಗೆ ಹಿಡಿದು ಅಂಗೈಲಿ ಸವರು. ಟಕ್ ಅನ್ನುತ್ತೆ. ಅನ್ನಲಿಲ್ಲ ಅಂದ್ರೆ ಕೂತಿಲ್ಲ."

"ನಿನ್ನಣ್ಣನ ಥರಾನೇ. ಒತ್ತಿದ್ರೆ ಮುರೀತಾರೆ, ಸವರಿದ್ರೆ ಕೂರ್ತಾರೆ."

"ಶ್ಶ್, ಕೇಳಿಸುತ್ತೆ."

"ಕೇಳ್ಲಿ ಬಿಡು, ಹೊಸ ವಿಷ್ಯ ಏನಲ್ಲ."

ಗ್ರಿಲ್ ಕಂಬಳಿಯಲ್ಲಿ ಮಲಗುತ್ತದೆ. ರೇಡಿಯೇಟರಿನ ಮೇಲೆ ಹಸಿರು ಬಲೆ ಬಿಗಿಯುತ್ತದೆ. ದೊಡ್ಡ ನೆರಳಿನ ಮರ ಕಂಡಲ್ಲೆಲ್ಲ ನಿಲ್ಲಿಸಿ ಬಲೆ ಒರೆಸಬೇಕು, ಬಗ್ಗಿ ಹೊಗೆಕೊಳವೆಯ ಹತ್ತಿರ ಹುಲ್ಲು ಸಿಕ್ಕಿಕೊಂಡಿದೆಯಾ ನೋಡಬೇಕು, ಇಲ್ಲದಿದ್ದರೆ ಬೆಂಕಿ. ಇಷ್ಟನ್ನೂ ಕೆದಿಬೋನ್ಯೆ ಒಪ್ಪಿಸಿದ ಮೇಲೆಯೇ ಗಲೆಫೆಲೆ ಚಮಚವನ್ನು ಅವರ ಕೈಗೆ ಕೊಡುತ್ತಾರೆ. ಜೊತೆಗೆ ಬರುವ ಇನ್ನಿಬ್ಬರು ನೆಂಟರು ಗಾಡಿಯ ಹಿಂದೆ ಹತ್ತುತ್ತಾರೆ. ಲೆಫಿಕಾ ಇಲ್ಲಿಲ್ಲ, ಬೇಲಿಯ ಕಾವಲಿನಲ್ಲಿದ್ದಾನೆ. ವರ ಎದುರಿಗೆ ಸುಳಿಯಬಾರದು. ಮುಖವಿಲ್ಲದ ಬಿಳಿ ಗಾಡಿ ಮರಳಿಗೆ ಇಳಿದು ಹುಲ್ಲಿನೊಳಗೆ ಸಣ್ಣದಾಗುತ್ತದೆ. ಗಲೆಫೆಲೆ ಅದು ಕಾಣದಾದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಾರೆ.

ಆಮೇಲೆ ಎಂದಿನ ಕೆಲಸ. ಆಸ್ಪತ್ರೆಯ ಔಷಧಿ ಗಾಡಿಯ ಡ್ರೈವರ್ ಸೆಲೆಲೊ ಬಂದು ಬಾನೆಟ್ ಎತ್ತುತ್ತಾರೆ. ನಿನ್ನೆ ಉಕ್ವಿ ಕಡೆಯಿಂದಲೇ ಬಂದವರು, ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಾಗಿದೆ. ಗಲೆಫೆಲೆ ಮುಳ್ಳು ಹಿಡಿದು ಬಗ್ಗುತ್ತಾರೆ, ಎರಡು ಬೀಜ ಎಬ್ಬಿಸುತ್ತಾರೆ, ತಲೆ ಎತ್ತಿ ದಾರಿ ನೋಡುತ್ತಾರೆ.

"ಮ್ಮಾ, ನನ್ನ ಗಾಡಿ ಮೂಗು ಇಲ್ಲಿದೆ," ಎನ್ನುತ್ತಾರೆ ಸೆಲೆಲೊ. "ನೀವು ಉಕ್ವಿ ಕಡೆ ಚುಚ್ತಾ ಇದೀರಿ."

"ದಾರಿ ಹೇಗಿದೆ ರ್ರಾ, ಆ ಕಡೆ?" ಹೆಂಗಸರಿಗೆ ಮ್ಮಾ, ಗಂಡಸರಿಗೆ ರ್ರಾ, ಇದು ಈ ಸೀಮೆಯ ಮರ್ಯಾದೆಯ ಮಾತು.

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ಪ್ರಾರ್ಥನೆ ಮಾಡೋಳ ಹತ್ರ ಸುಳ್ಳು ಹೇಳಿ ಏನು ಮಾಡ್ತೀರಿ?"

"ಹುಲ್ಲು ಬಾನೆಟ್ಟಿನ ಎತ್ತರ ಇದೆ. ಬೀಜ ಮಂಜು ಸುರಿದ ಹಾಗೆ ಬೀಳುತ್ತೆ. ನಾನು ಮರ ಮರಕ್ಕೂ ಇಳಿದು ಒರೆಸ್ದೆ. ನಿಮ್ಮಣ್ಣ ಇಳೀತಾರಾ?"

"ಅತ್ತಿಗೆ ಇಳಿಸ್ತಾಳೆ."

"ಹಾಗಾದ್ರೆ ತಲುಪ್ತಾರೆ. ಆಯಮ್ಮ ನಮ್ಮ ಆಸ್ಪತ್ರೆ ಡಾಕ್ಟರನ್ನೇ ಕುರ್ಚಿಯಿಂದ ಇಳಿಸಿದೋರು."

ಮರಳಿನ ನಡುವೆ ಫೋನು ಸಿಗುವುದಿಲ್ಲ. ಉಕ್ವಿಯಲ್ಲೂ ಒಂದು ದಿಬ್ಬ ಹತ್ತಿದರೆ ಮಾತ್ರ ಸಿಗುತ್ತದೆ. ಹೆಣ್ಣು ಕೇಳಲು ಹೋದವರು ಮಾತು ಮುಗಿಯುವವರೆಗೆ ದಿಬ್ಬ ಹತ್ತುವಂತಿಲ್ಲ. ಹಾಗಾಗಿ ಆ ದಿನವೆಲ್ಲ ಸುದ್ದಿಯಿಲ್ಲ. ಸಂಜೆ ಚರ್ಚಿನ ಹೆಂಗಸರ ಪ್ರಾರ್ಥನೆ. ಎಲ್ಲರೂ ಎದ್ದು ಹಾಡುವಾಗ ಗಲೆಫೆಲೆಯೂ ಹಾಡುತ್ತಾರೆ, ಆದರೆ ಒಂದು ಸಾಲು ಹಿಂದೆ ಬೀಳುತ್ತಾರೆ. ಪಕ್ಕದವರು ಮೊಣಕೈ ತಿವಿದು "ಎಲ್ಲಿ ಹೋದೆ?" ಎನ್ನುತ್ತಾರೆ. "ಇನ್ನೂ ಅರ್ಧ ದಾರೀಲಿದೀನಿ" ಎಂಬ ಉತ್ತರ ಬರುತ್ತದೆ. ರಾತ್ರಿಯ ಜೋಳದ ಗಂಜಿ ಬಟ್ಟಲಲ್ಲೇ ಕೆನೆ ಕಟ್ಟುತ್ತದೆ.

ಮರುದಿನ ಬೆಳಿಗ್ಗೆ ಮರದ ಕೆಳಗೆ ಎರಡು ಗಾಡಿಗಳು ಕಾದಿವೆ. ಗಲೆಫೆಲೆ ಮೊದಲನೆಯದನ್ನು ಮುಗಿಸಿ ಎರಡನೆಯದರ ಗ್ರಿಲ್ ಬಿಚ್ಚುತ್ತಿರುವಾಗ ಫೋನು ಬಡಿದುಕೊಳ್ಳುತ್ತದೆ. ಕೈ ಒರೆಸಿಕೊಳ್ಳದೆಯೇ ಎತ್ತಿ ಕಿವಿಗೆ ಇಡುತ್ತಾರೆ. ದಿಬ್ಬ ಹತ್ತಿದ ಏದುಸಿರು ಮೊದಲು ಕೇಳುತ್ತದೆ, ಕೆದಿಬೋನ್ಯೆಯ ದನಿ ಆಮೇಲೆ. ಅವರ ದನಿಗೆ ಫೋನೇ ಬೇಡ, ಕಾಯುತ್ತಿರುವ ಡ್ರೈವರುಗಳಿಗೂ ಕೇಳುತ್ತದೆ.

"ಕೇಳ್ತಾ ಇದೀಯಾ? ನಿನ್ನೆ ಸಂಜೆ ಗ್ರಿಲ್ ಹಾಕ್ದೆ. ಎಲ್ಲಾ ಟಕ್ ಅಂತು, ಮೂಲೇದೊಂದು ಅನ್ನಲಿಲ್ಲ. ಅದಕ್ಕೆ ನನ್ನ ಶಾಲಿನ ಪಿನ್ನು ಚುಚ್ಚಿದೀನಿ, ನಿನ್ನಣ್ಣಂಗೆ ಹೇಳ್ಬೇಡ. ಕತ್ತಲಿರುವಾಗ್ಲೇ ಹೋಗಿ ಬೇಲಿ ಹೊರಗೆ ಕೂತ್ವಿ. ಬೆಳಕಾಯ್ತು. ನೋಡ್ತೀನಿ, ಅವರಂಗಳದಲ್ಲಿ ಮೂರು ಗಾಡಿ. ಮೂರಕ್ಕೂ ಮುಖ ಇಲ್ಲ! ಬರೀ ಬಲೆ! ಇಡೀ ಊರಲ್ಲಿ ಗ್ರಿಲ್ ಹಾಕ್ಕೊಂಡು ನಿಂತಿದ್ದು ನಮ್ಮದೊಂದೇ. ಹುಡುಗಿ ದೊಡ್ಡ ಮಾವ ನಮ್ಮ ಗಾಡಿ ಸುತ್ತ ಒಂದು ಸುತ್ತು ಬಂದ. 'ಏನ್ರಪ್ಪಾ, ಈ ಹುಲ್ಲಲ್ಲಿ ಇಷ್ಟು ಅಚ್ಚುಕಟ್ಟಾಗಿ ಹೇಗೆ ಬಂದ್ರಿ, ಹಾರ್ಕೊಂಡು ಬಂದ್ರಾ?' ಅಂದ. ನಿನ್ನಣ್ಣನ ಮುಖ ನೀನು ನೋಡ್ಬೇಕಿತ್ತು. ಕೋಟಿನೊಳಗೆ ಕತ್ತು ಹೂತುಹೋಯ್ತು."

"ಅತ್ತಿಗೆ..."

"ತಡಿ, ಕೇಳು. ಆಮೇಲೆ ನಿನ್ನಣ್ಣನೇ ಹೇಳಿದ್ರು ನೋಡು, ನಾನಲ್ಲ. 'ನಮ್ಮ ಹುಡುಗನ ತಾಯಿ ದಾರಿಗೆ ಬಿಚ್ಚಿಕೊಟ್ಳು, ನಿಮ್ಮ ಮರ್ಯಾದೆಗೆ ನಾವು ಹಾಕ್ಕೊಂಡ್ವಿ' ಅಂದ್ರು. ನಿಂತ್ಕೊಂಡು, ಟೋಪಿ ತೆಗೆದು ಅಂದ್ರು. ಆ ಹಿರಿಯ ತಲೆ ಆಡಿಸ್ದ. ಒಳಗೆ ಕರೆದ್ರು. ಮಾತು ಕೇಳಿದ್ರು. ಹುಲ್ಲು ಬಿದ್ದ ಮೇಲೆ ಬನ್ನಿ, ಹೆಣ್ಣಿಗೆ ಕೊಡೋ ದನಗಳ ಮಾತಾಡೋಣ ಅಂದ್ರು. ಒಪ್ಪಿದ್ರು ಕಣೇ!"

ಕಾಯುತ್ತಿದ್ದ ಡ್ರೈವರೊಬ್ಬ ಸಿಳ್ಳೆ ಹಾಕುತ್ತಾನೆ. ಪಕ್ಕದ ಅಂಗಳದ ಹೆಂಗಸು ಕೇರುವ ಮೊರ ಕೆಳಗಿಟ್ಟು, ನಾಲಿಗೆ ಮಿಡಿದು ಹಬ್ಬದ ಕೂಗು ಕೂಗುತ್ತಾಳೆ. ಗಲೆಫೆಲೆ ಕೂಗುವುದಿಲ್ಲ. ಕಣ್ಣು ಮುಚ್ಚಿ, ಹಣೆಯನ್ನು ಎದುರಿಗಿದ್ದ ಗಾಡಿಯ ತಣ್ಣನೆಯ ತಗಡಿಗೆ ಆನಿಸುತ್ತಾರೆ. ತುಟಿ ಮಾತ್ರ ಅಲ್ಲಾಡುತ್ತದೆ. ಆಚೆಯಿಂದ ಅತ್ತಿಗೆ ಹಲೋ ಹಲೋ ಎಂದು ಕೂಗುತ್ತಿದ್ದಾರೆ.

"ಇದೀನಿ," ಎನ್ನುತ್ತಾರೆ ಕೊನೆಗೆ. "ಒಂದು ಹೇಳು ಅತ್ತಿಗೆ. ದಾರೀಲಿ ಗಾಡಿ ಕುದೀತಾ?"

"ಒಂದ್ಸಲಾನೂ ಇಲ್ಲ. ನಿನ್ನಣ್ಣ ತಾವೇ ಮರ ಮರಕ್ಕೂ ಇಳಿದು ಒರೆಸಿದ್ರು. ವಾಪಸ್ ಬರೋಕೆ ಗ್ರಿಲ್ ಬಿಚ್ಚು ಅಂತ ಈಗ ತಾವೇ ನನ್ನ ಪ್ರಾಣ ತಿಂತಿದಾರೆ."

ಗಲೆಫೆಲೆ ಫೋನನ್ನು ಮಡಿಲಿಗೆ ಹಾಕಿಕೊಂಡು ಮುಳ್ಳುಹಂದಿಯ ಮುಳ್ಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅವರು ಏನಾದರೂ ಹೇಳಿಯಾರೆಂದು ಡ್ರೈವರು ಕಾಯುತ್ತಾನೆ. ಎಳೆಗಳ ನಡುವಿನಿಂದ ಒಂದು ಬೀಜ ಎಬ್ಬಿಸಿ, ಗರಿಯಿಂದ ಸವರಿ, ಅವನ ಕಡೆ ನೋಡದೆಯೇ ಹೇಳುತ್ತಾರೆ:

"ಹಾಗಾದ್ರೆ ಹೆಣ್ಣು ಕೇಳಿದೋರಲ್ಲಿ ನಾನೂ ಒಬ್ಬಳು."